ಎರಡು ಮನೆ, ನಡುವೆ ಒಂದು ವೈಫೈ

ನನ್ನ ಅಣ್ಣನ ಮಗಳು ನನ್ನ ಜೊತೆ ಮಾತಾಡುತ್ತಿದ್ದದ್ದು ಕೈಯಲ್ಲಿ ಬಂದೂಕು ಇದ್ದಾಗ ಮಾತ್ರ. ಗಾಬರಿಯಾಗಬೇಡಿ, ಬಂದೂಕು ಮೊಬೈಲಿನೊಳಗಿನದು. ನಾಲ್ಕು ಜನ ಒಂದು ತಂಡವಾಗಿ ವಿಮಾನದಿಂದ ದ್ವೀಪಕ್ಕೆ ಜಿಗಿಯುವುದು, ಎದುರಾದ ತಂಡಗಳನ್ನೆಲ್ಲ ಹೊಡೆದು ಕೊನೆಯವರೆಗೆ ಉಳಿಯುವುದು, ಅಷ್ಟೇ ಆಟ. ನಮ್ಮ ತಂಡದಲ್ಲಿ ರೋಣದವನೊಬ್ಬ, ನರೇಗಲ್ಲಿನವನೊಬ್ಬ, ಅವಳು ಮತ್ತು ನಾನು. ಅವಳು ಡಿಗ್ರಿ ಓದುವ ಹುಡುಗಿ. ನಾನು ನಲವತ್ತು ದಾಟಿದವನು, ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟವನು. ಊರಿನ ಅರ್ಧ ಜನರ ಮುಖವನ್ನು ಹುಟ್ಟುಹಬ್ಬದ ಬ್ಯಾನರಿನಲ್ಲಿ ಬೆಳ್ಳಗೆ ಮಾಡಿಕೊಟ್ಟವನು ನಾನೇ. ಈ ವಯಸ್ಸಿಗೆ ಇದೇನು ಹುಡುಗಾಟ ಎಂದು ಬಜಾರದಲ್ಲಿ ನಗುವವರಿದ್ದರು. ನಗಲಿ, ಅವರಪ್ಪನ ಗಂಟೇನೂ ಹೋಗುವುದಿಲ್ಲ.

ಅವಳು ಇರುವುದು ನಮ್ಮ ಮನೆಯಲ್ಲೇ. ಅಂದರೆ, ಮೊದಲು ನಮ್ಮೆಲ್ಲರದೂ ಆಗಿದ್ದ ಮನೆಯ ಆ ಅರ್ಧದಲ್ಲಿ. ಅಣ್ಣನಿಗೂ ನನಗೂ ವಾಟಣಿಯಾಗಿ, ಆಸ್ತಿ ಪಾಲಾಗಿ ಕೆಲವು ವರ್ಷಗಳಾದವು. ಕಾರಣ ಕೇಳಬೇಡಿ. ನಾನು ಹೇಳಿದರೆ ತಪ್ಪೆಲ್ಲ ಅವನದಾಗುತ್ತದೆ, ಅವನು ಹೇಳಿದರೆ ತಪ್ಪೆಲ್ಲ ನನ್ನದಾಗುತ್ತದೆ. ಜವಳಿ ಅಂಗಡಿ ಅವನಿಗೆ ಹೋಯಿತು, ಬಸ್‌ಸ್ಟ್ಯಾಂಡಿನ ಮಳಿಗೆ ನನಗೆ ಬಂತು. ಮನೆಯ ನಟ್ಟನಡುವಿನ ಮಣ್ಣಿನ ಗೋಡೆಯಲ್ಲಿದ್ದ ಬಾಗಿಲನ್ನು ಇಟ್ಟಿಗೆ ಇಟ್ಟು ಮುಚ್ಚಿದರು. ಹಳೆಯ ಕಾಲದ ಗೋಡೆ, ಮೊಳಕೈವರೆಗೆ ಕೈ ತೂರಿಸಿದರೂ ಆಚೆ ಮುಟ್ಟದಷ್ಟು ದಪ್ಪ. ಅದರಲ್ಲಿ ಒಂದು ಮಾಡ ಮಾತ್ರ ಹಾಗೇ ಉಳಿಯಿತು. ಒಂದು ದೀಪ ಇಟ್ಟರೆ ಎರಡೂ ಕೋಣೆಗೆ ಬೆಳಕು ಬೀಳಲಿ ಎಂದು ಹಿರಿಯರು ಗೋಡೆಯ ಆರಪಾರ ಬಿಡಿಸಿದ್ದ ಚೌಕಾಕಾರದ ಗೂಡು ಅದು.

ವಾಟಣಿಗೆ ಕೂತ ಹಿರಿಯರಿಗೆ ಹಂಡೆ ಹಂಚಿ ಗೊತ್ತಿತ್ತು, ಮಂಚ ಹಂಚಿ ಗೊತ್ತಿತ್ತು, ವೈಫೈ ಹಂಚಿ ಗೊತ್ತಿರಲಿಲ್ಲ. ಅವರಲ್ಲಿ ಹೆಚ್ಚು ವಯಸ್ಸಾದವರು ವೈಫೈ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಹ್ಯಾಂಗ ಕಡಿಯೂದು? ಮಾಡದಾಗ ಇಡ್ರಿ. ದೀಪ ಇದ್ದಂಗ ಎರಡೂ ಕಡಿ ಬೆಳಕ ಬೀಳ್ಲಿ," ಎಂದರು. ಹಾಗೆಯೇ ಆಯಿತು. ವೈರು, ಕರೆಂಟಿನ ಪ್ಲಗ್ಗು, ಗುಂಡಿ ಎಲ್ಲ ಅಣ್ಣನ ಕಡೆ ಬಂದವು. ಕನೆಕ್ಷನ್ನು ನನ್ನ ಹೆಸರಿನಲ್ಲೇ ಉಳಿಯಿತು. ನನ್ನ ಹೆಂಡತಿ ನಮ್ಮ ಕಡೆಯ ಮಾಡಕ್ಕೆ ಅಡ್ಡವಾಗಿ ಒಂದು ದೊಡ್ಡ ಕ್ಯಾಲೆಂಡರು ತೂಗುಹಾಕಿದಳು. ಅವರ ಮುಖ ಇವರಿಗೆ ಕಾಣುವುದು ಬೇಡ, ಇವರ ಮುಖ ಅವರಿಗೆ ಕಾಣುವುದು ಬೇಡ ಎಂದು.

ನಮ್ಮ ಕಡೆ ಮಾತು ಬಿಟ್ಟವರು ಬಾಯಿ ಮುಚ್ಚಿಕೊಂಡಿರುತ್ತಾರೆ ಎಂದು ತಿಳಿದರೆ ತಪ್ಪು. ಮಾತು ಬಿಟ್ಟ ಮೇಲೆಯೇ ಮಾತು ಹೆಚ್ಚು. ಎದುರಿಗೆ ನಿಂತು ಹೇಳುವುದಿಲ್ಲ, ಅಷ್ಟೇ. ಕೇಳಬೇಕಾದವರ ಕಿವಿಗೆ ಬೀಳುವ ಹಾಗೆ ಬೆಕ್ಕಿಗೆ ಹೇಳುತ್ತಾರೆ, ಕೊಡಕ್ಕೆ ಹೇಳುತ್ತಾರೆ. ಅಣ್ಣ ಬೆಳಿಗ್ಗೆ ತನ್ನ ಗಾಡಿ ಒರೆಸುತ್ತ ಅದಕ್ಕೇ ಹೇಳುತ್ತಿದ್ದ: "ದಾರಿಗೆ ಅಡ್ಡ ಗಾಡಿ ನಿಲ್ಲಸಬಾರ್ದು ಅನ್ನೋ ಖಬರು ಕೆಲವ್ರಿಗೆ ಇರೂದಿಲ್ಲ ನೋಡು." ನಾನು ಚಪ್ಪಲಿ ಮೆಟ್ಟುತ್ತ ಚಪ್ಪಲಿಗೆ ಉತ್ತರ ಕೊಡುತ್ತಿದ್ದೆ: "ಓಣಿ ಯಾರಪ್ಪನ ಮನಿದೂ ಅಲ್ಲ." ನಮ್ಮಿಬ್ಬರ ಅಪ್ಪ ಒಬ್ಬನೇ ಎಂಬುದು ಆ ಸಿಟ್ಟಿನಲ್ಲಿ ನೆನಪಾಗುತ್ತಿರಲಿಲ್ಲ.

ಮಗಳ ವಿಷಯದಲ್ಲಿ ಮಾತ್ರ ಅಣ್ಣನೂ ಅವನ ಹೆಂಡತಿ, ನಮ್ಮ ವೈನಿಯೂ ಬಲು ಬಿಗಿ. ನಾನು ಎತ್ತಿ ಆಡಿಸಿದ ಕೂಸು ಓಣಿಯಲ್ಲಿ ಎದುರಾದರೆ ತಲೆ ತಗ್ಗಿಸಿ ದಾಟಿ ಹೋಗುತ್ತಿತ್ತು. ಅವಳು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡುತ್ತಿದ್ದೆ, ಸುಳ್ಳೇಕೆ ಹೇಳಲಿ. ಆಮೇಲೆ ಒಂದು ದಿನ ಈ ಆಟದಲ್ಲಿ ಅವಳು ನನ್ನನ್ನು ಹುಡುಕಿ ತಂಡಕ್ಕೆ ಕರೆದಳು. "ಆಟದಾಗ ಮಾತಾಡಿದ್ದು ಮಾತಲ್ಲ ಕಾಕಾ," ಎಂದು ತಾನೇ ಒಂದು ಕಾನೂನು ಮಾಡಿಕೊಂಡಳು. "ಬಲಕ್ಕ ಅದಾರ, ಕುಂಡ್ರಿ" ಎನ್ನುವಳು, "ಗುಂಡು ಮುಗದಾವೇನ, ನಾ ಕೊಡ್ತೀನಿ ತಡೀರಿ" ಎನ್ನುವಳು. ಸುತ್ತ ಯಾರೂ ಶತ್ರುಗಳಿಲ್ಲದ ಹೊತ್ತಿನಲ್ಲಿ ಮೆಲ್ಲಗೆ "ಉಂಡ್ರೇನ್ ಕಾಕಾ?" ಎಂದು ಕೇಳುವಳು. ಆ ಒಂದು ಮಾತು ಕೇಳಲೆಂದೇ ನಾನು ದಿನಾ ಸಂಜೆ ಅಂಗಡಿ ಲಗೂನೆ ಮುಚ್ಚಿ ಬರುತ್ತಿದ್ದೆ.

ಈಗ ಪಿಂಗಿನ ವಿಷಯ. ನಾನು ಇಲ್ಲಿ ಬೆರಳು ಒತ್ತಿದ್ದು ಎಲ್ಲೋ ದೂರದಲ್ಲಿರುವ ಆಟದ ಕಂಪ್ಯೂಟರಿಗೆ ಮುಟ್ಟಿ ಸುದ್ದಿ ಹಿಂದಕ್ಕೆ ಬರಲು ಹಿಡಿಯುವ ಹೊತ್ತಿಗೆ ಪಿಂಗ್ ಎನ್ನುತ್ತಾರೆ. ಪರದೆಯ ಮೂಲೆಯಲ್ಲಿ ಅದರ ಅಂಕಿ ಕಾಣುತ್ತದೆ. ಸಣ್ಣದಿದ್ದರೆ ಹಸಿರು, ದೊಡ್ಡದಾದರೆ ಕೆಂಪು. ಕೆಂಪಾಯಿತೆಂದರೆ ನೀವು ಗುಂಡು ಹೊಡೆಯುವುದರೊಳಗೆ ಎದುರಿನವನು ನಿಮ್ಮನ್ನು ಹೊಡೆದು, ನಿಮ್ಮ ಚೀಲ ಜಾಲಾಡಿ, ಮುಂದಿನ ಊರಿಗೆ ಹೋಗಿರುತ್ತಾನೆ. ನೀವು ಮಾತ್ರ ಇನ್ನೂ ಬದುಕಿದ್ದೇನೆ ಎಂದುಕೊಂಡು ಓಡುತ್ತಿರುತ್ತೀರಿ. ಯುಗಾದಿ ಮುಗಿದದ್ದೇ ತಡ, ನನ್ನ ಪಿಂಗ್ ಕೆಂಪಾಯಿತು.

ಮೊದಲೆರಡು ದಿನ ಮಾಮೂಲಿ ಎಂದು ಬಿಟ್ಟೆ. ವಾರ ಕಳೆದರೂ ಅದೇ ಹಾಡು. ನಾನು ಬಾಗಿಲು ದಾಟುವಾಗ ಬಾಗಿಲಲ್ಲೇ ಅಂಟಿಕೊಂಡು ನಿಲ್ಲುತ್ತಿದ್ದೆ. ಅವಳ ದನಿ ತುಂಡುತುಂಡಾಗಿ ಬರುತ್ತಿತ್ತು. "ಕಾ... ಹಿಂ... ಓಡ್..." ಎಂದಷ್ಟೇ ಕೇಳುವುದು, ಅಷ್ಟರೊಳಗೆ ನಾನು ಸತ್ತಿರುವುದು. ರೋಣದವನು ಒಂದು ಸಂಜೆ ಬಾಯಿಬಿಟ್ಟು, "ಅಂಕಲ್, ಖರೇ ನೆಟ್ ತ್ರಾಸ ಐತೋ, ಏನ ಬೇಕಂತ ಸಾಯಾಕತ್ತೀರೋ?" ಎಂದು ಕೇಳಿದ. ಮುಂದೆ ಒಂದು ಪಂದ್ಯ ಗೊತ್ತಾಗಿತ್ತು, ಅದರಲ್ಲಿ ನರಗುಂದದ ತಂಡವೇ ನಮಗೆ ಮುಖ್ಯ ಎದುರಾಳಿ. ನಾನು ಆ ಕಡೆ ಮಾರಾಟವಾಗಿದ್ದೇನೆ ಎಂಬ ಗುಮಾನಿ ಆ ಪೋರನಿಗೆ! ಕೈಗೆ ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ.

ಅಣ್ಣನ ಮಗಳು ಮಾತ್ರ ಮೆತ್ತಗೆ ಹೇಳಿದಳು, "ಕಾಕಾ, ಐತವಾರದ ಪಂದ್ಯಾನೂ ಹಿಂಗ ಆತಂದ್ರ ಅವರು ಬ್ಯಾರೆಯವರನ್ನ ತಗೋತಾರಂತ. ಏನರ ಮಾಡ್ರಿ." ಅವಳ ದನಿಯಲ್ಲಿ ಅಳುಕಿತ್ತು. ತಂಡ ಹೋಯಿತೆಂದರೆ ಅವಳೂ ಹೋದ ಹಾಗೆ. ಮತ್ತೆ ಓಣಿಯಲ್ಲಿ ತಲೆ ತಗ್ಗಿಸಿ ದಾಟುವ ಹುಡುಗಿ, ಚಪ್ಪಲಿಗೆ ಮಾತಾಡುವ ನಾನು. ಅದನ್ನು ನೆನೆಸಿಕೊಂಡರೇ ಊಟ ಸೇರಲಿಲ್ಲ.

"ನಿನ್ನ ಪಿಂಗ್ ಹ್ಯಾಂಗೈತಿ?" ಎಂದು ಕೇಳಿದೆ.

"ನಂದ ಹಸರ ಐತ್ರಿ ಕಾಕಾ. ಏನೂ ತ್ರಾಸಿಲ್ಲ."

ಆಗಲೇ ನನ್ನ ತಲೆಯಲ್ಲಿ ಹುಳ ಹೊಕ್ಕದ್ದು. ಒಂದೇ ಡಬ್ಬಿ. ಒಂದೇ ವೈರು. ಆ ಕಡೆ ಹಸಿರು, ಈ ಕಡೆ ಕೆಂಪು. ಇದು ತಾನಾಗಿ ಆಗುವ ಸಂಗತಿಯೇ? ಯಾರೋ ಏನೋ ಕಿತಾಪತಿ ಮಾಡಿದ್ದಾರೆ. ಯಾರೋ ಎಂದರೆ ಯಾರು ಎನ್ನುವುದು ನನಗೆ ಗೊತ್ತಿತ್ತು.

ಆದರೂ ನಾನು ನ್ಯಾಯವಂತ. ಅಣ್ಣನ ಕಡೆ ಬೆರಳು ತೋರಿಸುವ ಮೊದಲು ಉಳಿದವರನ್ನೆಲ್ಲ ಒಮ್ಮೆ ಸಂಶಯಪಟ್ಟು ಮುಗಿಸಬೇಕೆಂದುಕೊಂಡೆ. ಮೊದಲು ನನ್ನ ಮೊಬೈಲು. ಅದರಲ್ಲಿದ್ದ ಬೇಡದ್ದನ್ನೆಲ್ಲ ಅಳಿಸಿದೆ, ಆರಿಸಿ ಹಚ್ಚಿದೆ, ಹೆಂಡತಿಯ ಮೊಬೈಲಿನಲ್ಲಿ ಆಡಿ ನೋಡಿದೆ. ಅದರಲ್ಲೂ ಕೆಂಪು. ಡಬ್ಬಿಯನ್ನು ಆರಿಸಿ ಹಚ್ಚು ಎಂದು ಅಣ್ಣನ ಮಗಳಿಗೆ ಆಟದಲ್ಲೇ ಹೇಳಿದೆ, ಅವಳು ಮಾಡಿದಳು. ಅದಕ್ಕೂ ಬಗ್ಗಲಿಲ್ಲ.

ಎರಡನೆಯವನು ಕೇಬಲ್‌ನವನು. ಫೋನ್ ಮಾಡಿದರೆ ಅವನು ಯಾವಾಗಲೂ ಮುಶಿಗೇರಿಯಲ್ಲಿರುತ್ತಾನೆ. ಮುಶಿಗೇರಿಯವರು ಫೋನ್ ಮಾಡಿದರೆ ಸೂಡಿಯಲ್ಲಿ. ಒಮ್ಮೆ ನಾನು ನನ್ನ ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಅವನನ್ನು ಕಣ್ಣಾರೆ ನೋಡುತ್ತಲೇ ಫೋನ್ ಮಾಡಿದೆ. "ಸೂಡ್ಯಾಗ ಅದೀನ್ರಿ ಅಣ್ಣಾರ, ಕಂಬದ ಮ್ಯಾಲ," ಎಂದ. ಕಂಬದಿಂದ ಇಳಿಸಿ ಮನೆಗೆ ಕರೆದುಕೊಂಡು ಬಂದೆ.

ವೈರು ಬರುವುದು ಅಣ್ಣನ ಕಡೆಯಿಂದ, ಹಾಗಾಗಿ ಅವನು ಆ ಕಡೆಯ ಬಾಗಿಲಿಂದ ಒಳಗೆ ಹೋದ. ನಾನು ನಮ್ಮ ಕಟ್ಟೆಯ ಮೇಲೆ ನಿಂತುಕೊಂಡೆ. ಅಣ್ಣ ಅವನ ಕಟ್ಟೆಯ ಮೇಲೆ ನಿಂತುಕೊಂಡ. ಇಬ್ಬರೂ ಎದುರಿನ ಬೇವಿನ ಗಿಡವನ್ನು ನೋಡುತ್ತಿದ್ದೆವು. ಕೇಬಲ್‌ನವನು ಹೊರಗೆ ಬಂದು ನಮ್ಮಿಬ್ಬರ ನಡುವೆ ಓಣಿಯಲ್ಲಿ ನಿಂತ.

"ಲೈನ್ ಬರೋಬ್ಬರಿ ಐತ್ರಿ. ಡಬ್ಬಿನೂ ಚಲೋ ಐತಿ. ಏನ ಇದ್ರೂ ಮನಿ ಒಳಗಿಂದ ಇರಬೇಕ್ರಿ."

"ಯಾವ ಮನಿ ಒಳಗಿಂದು ಅನ್ನೂದನ್ನ ಕೇಳ್ರಿ," ಎಂದೆ ನಾನು ಅವನಿಗೆ.

"ಕುಣ್ಯಾಕ ಬರದವ್ರು ಅಂಗಳದ ಮ್ಯಾಲ ಹಾಕೂದು ಹೊಸಾದೇನಲ್ಲ ಅಂತ ಹೇಳ್ರಿ," ಎಂದ ಅಣ್ಣ ಅವನಿಗೆ.

ಕೇಬಲ್‌ನವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸಿ ಸುಸ್ತಾದ. "ಯಪ್ಪಾ, ಹಿಂಗ ಮಾಡೂಣ್ರಿ. ಎರಡೂ ಮನಿಗೆ ಬ್ಯಾರೆ ಬ್ಯಾರೆ ಲೈನ್ ಹಾಕಿಬಿಡ್ತೀನಿ. ಜಗಳಾನ ಮುಗೀತಲ್ರಿ?"

ಆಹಾ, ಇದು ಇವನ ಮಸಲತ್ತು ಎಂದು ಹೊಳೆಯಿತು ನನಗೆ. ಒಂದು ಲೈನಿನ ಜಾಗದಲ್ಲಿ ಎರಡು ಮಾರಲು ಇವನೇ ನಿಧಾನ ಮಾಡಿರಬಹುದು. ಆದರೆ ಆಗ ಒಂದು ವಿಚಿತ್ರ ನಡೆಯಿತು. "ಅವ್ರು ಹೂಂ ಅಂದ್ರ ಹಾಕ್ರಿ," ಎಂದ ಅಣ್ಣ. "ಮೊದಲ ಅವ್ರು ಹೂಂ ಅನ್ಲಿ," ಎಂದೆ ನಾನು. ಹೂಂ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಎಲ್ಲ ಹರಿದು ಹಂಚಿಕೊಂಡ ಮೇಲೆ ನಮ್ಮಿಬ್ಬರದೂ ಎಂದು ಉಳಿದದ್ದು ಅದೊಂದೇ ಡಬ್ಬಿ. ನನಗಂತೂ ಅದು ಗೊತ್ತಿತ್ತು, ಅವನ ಮನಸ್ಸಿನಲ್ಲಿ ಏನಿತ್ತೋ. ಕೇಬಲ್‌ನವನು ತಲೆ ಕೊಡವಿಕೊಂಡು ಹೋದ.

ಹೋಗುವ ಮೊದಲು ಅವನು ಒಂದು ಉಪಾಯ ಹೇಳಿಕೊಟ್ಟಿದ್ದ. ಡಬ್ಬಿಗೆ ಯಾವ ಯಾವ ಮೊಬೈಲುಗಳು ಹತ್ತಿಕೊಂಡಿವೆ ಎಂದು ನೋಡುವ ದಾರಿ. ನೋಡಿದೆ. ನಮ್ಮ ಎರಡು, ಅವರ ಮೂರು, ಇನ್ನೊಂದು ಹೆಸರಿಲ್ಲದ್ದು. ಸಿಕ್ಕ ಕಳ್ಳ! ಅಣ್ಣ ತನ್ನ ಜವಳಿ ಅಂಗಡಿಯ ಆಳಿಗೋ, ಆಚೆಮನೆಯವರಿಗೋ ನಮ್ಮ ಪಾಸ್‌ವರ್ಡ್ ಕೊಟ್ಟಿದ್ದಾನೆ, ಅವರು ಹಗಲೆಲ್ಲ ಸಿನಿಮಾ ಇಳಿಸಿಕೊಳ್ಳುತ್ತಿದ್ದಾರೆ. ಹಲ್ಲು ಕಡಿಯುತ್ತ ಆ ಹೆಸರಿಲ್ಲದ್ದನ್ನು ಹೊರಗೆ ದಬ್ಬಿದೆ. ಐದು ನಿಮಿಷಕ್ಕೆ ಒಳಗಿನಿಂದ ನನ್ನ ಹೆಂಡತಿಯ ಕೂಗು ಕೇಳಿತು: "ಏನ್ರೀ, ಟಿವಿ ಬಂದ ಬಿತ್ತಲ್ರೀ! ಧಾರಾವಾಹಿ ಈಗರ ಚಾಲೂ ಆಗಿತ್ತು!" ಕಳ್ಳ ನಮ್ಮ ಮನೆಯ ಟಿವಿಯೇ ಆಗಿತ್ತು. ಅದನ್ನು ಮರಳಿ ಹಚ್ಚಿಕೊಡುವವರೆಗೆ ನನಗೆ ಚಹಾ ಸಿಗಲಿಲ್ಲ.

ಟಿವಿ ಆರಿಸಿ ಆಡಿದರೂ ಪಿಂಗ್ ಕೆಂಪೇ.

ಇಷ್ಟರಲ್ಲಿ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಅಣ್ಣನ ಮಗಳ ಮೈಕಿನಲ್ಲಿ ಅವಳ ದನಿಯ ಹಿಂದೆ ಯಾರದೋ ಕೆಮ್ಮು. ಒಮ್ಮೆ, ಎರಡು ಸಲ, ದಿನಾಲೂ. ಆ ಕೆಮ್ಮು ನನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು? ಚಿಕ್ಕಂದಿನಲ್ಲಿ ಒಂದೇ ಕೌದಿಯಲ್ಲಿ ಮಲಗಿ ಕೇಳಿದ ಕೆಮ್ಮು ಅದು. ಅಂದರೆ ಅಣ್ಣ ಅವಳ ಪಕ್ಕದಲ್ಲೇ ಕೂತಿರುತ್ತಾನೆ. ಯಾಕೆ ಕೂತಿರುತ್ತಾನೆ? ನಾನು ಏನು ಮಾತಾಡುತ್ತೇನೆ, ಯಾರ ಬಗ್ಗೆ ಮಾತಾಡುತ್ತೇನೆ ಎಂದು ಕಿವಿಗೊಟ್ಟು ಕೇಳಲು. ನಾಳೆ ಹಿರಿಯರ ಮುಂದೆ "ನನ್ನ ಮಗಳ ತಲಿ ಕೆಡಸಾಕತ್ತಾನ" ಎನ್ನಲು. ಮೈಯೆಲ್ಲ ಉರಿಯಿತು. ಅಂದಿನಿಂದ ನಾನು ಆಟದಲ್ಲಿ ಎಡ, ಬಲ, ಹೂಂ, ಇಲ್ಲ, ಇಷ್ಟು ಬಿಟ್ಟು ಬೇರೆ ಮಾತಾಡುವುದನ್ನೇ ನಿಲ್ಲಿಸಿದೆ. ಅವಳು "ಉಂಡ್ರೇನ್ ಕಾಕಾ?" ಎಂದರೆ "ಹೂಂ" ಎಂದಷ್ಟೇ. ಪಾಪ, ಆ ಹುಡುಗಿಗೆ ನಾನು ಯಾಕೆ ಮುಖ ಗಂಟು ಹಾಕಿಕೊಂಡೆ ಎಂದು ತಿಳಿದಿರಲಿಕ್ಕಿಲ್ಲ.

ಪಂದ್ಯ ಐತವಾರ ಮಧ್ಯಾಹ್ನಕ್ಕಿತ್ತು. ಶನಿವಾರ ಅಂಗಡಿಯಲ್ಲಿ ಕೂತು ಈ ಪಿಂಗಿನ ಬಗ್ಗೆ ಹುಡುಕಿ ಓದಿದೆ. ಒಂದು ಕಡೆ ಒಳ್ಳೆಯ ಮಾತು ಸಿಕ್ಕಿತು. ಆಟದ ಕಂಪ್ಯೂಟರಿನವರೆಗಿನ ಪಿಂಗ್ ಬಿಡು, ನಿನ್ನ ಮೊಬೈಲಿನಿಂದ ನಿನ್ನದೇ ಡಬ್ಬಿಯವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಅದನ್ನು ಮೊದಲು ನೋಡು. ಅಷ್ಟು ದೂರಕ್ಕೇ ತಡವಾದರೆ ತೊಂದರೆ ಹೊರಗಿಲ್ಲ, ನಿನ್ನ ಮತ್ತು ಡಬ್ಬಿಯ ನಡುವೆ ಇದೆ.

ಮನೆಗೆ ಬಂದವನೇ ಅಂಗಿ ಸಹ ಬಿಚ್ಚದೆ ಮೊಬೈಲು ಹಿಡಿದು ಅಳೆಯಲು ಶುರು ಮಾಡಿದೆ. ಪಡಸಾಲೆಯಲ್ಲಿ ಕೆಟ್ಟದು. ಅಡುಗೆಮನೆಯಲ್ಲಿ ಅದಕ್ಕಿಂತ ಸ್ವಲ್ಪ ಚಲೋ. ಹಿತ್ತಲಿಗೆ ಹೋದೆ, ಬಚ್ಚಲ ಪಕ್ಕದಲ್ಲಿ ನಿಂತರೆ ಹಸಿರು! ಹಿತ್ತಲಿನಿಂದ ಡಬ್ಬಿಗೆ ಎಷ್ಟು ದೂರ! ಅಣ್ಣನ ಹಿತ್ತಲ ಬಾಗಿಲಿನಿಂದ ಹಾರಿ ಬಂದ ನೆಟ್ಟು ಅದು, ತೆರೆದ ಗಾಳಿಯಲ್ಲಿ. ಮತ್ತೆ ಒಳಗೆ ಬಂದೆ. ಡಬ್ಬಿಗೆ ಹತ್ತಿರವಾದಷ್ಟೂ ಅಂಕಿ ಏರುತ್ತಿತ್ತು. ಕೊನೆಗೆ ಕ್ಯಾಲೆಂಡರಿನ ಎದುರಿಗೆ, ಡಬ್ಬಿಯಿಂದ ಕೈಯಳತೆಯಲ್ಲಿ ನಿಂತೆ. ಇಡೀ ಮನೆಯಲ್ಲಿ ಅಲ್ಲೇ ಎಲ್ಲಕ್ಕಿಂತ ಕೆಟ್ಟದು.

ನನ್ನ ಅನುಮಾನವೆಲ್ಲ ಗೋಡೆಯ ಆಚೆಗೇ ಇದ್ದುದರಿಂದ ಈಚೆಗೆ ನೋಡುವ ಮಾತೇ ಬಂದಿರಲಿಲ್ಲ. ಕ್ಯಾಲೆಂಡರು ಎತ್ತಿದೆ. ಹಿಂದೆ ಎಣ್ಣೆಡಬ್ಬದ ತಗಡು. ಡಬ್ಬವನ್ನು ಬಿಚ್ಚಿ, ಅಗಲ ಮಾಡಿ, ಮಾಡದ ಬಾಯಿಗೆ ಬರೋಬ್ಬರಿ ಕತ್ತರಿಸಿ, ನಾಲ್ಕೂ ಮೂಲೆಗೆ ಮೊಳೆ ಹೊಡೆದು ಕೂಡಿಸಿದ ತಗಡು. ಸಂದಿಗೆ ಅರಿವೆಯ ತುಂಡು ತುರುಕಿದ್ದರು. ಆ ಕಡೆಯಿಂದ ನೋಡಿದ ಕೇಬಲ್‌ನವನು ಅದನ್ನು ಮಾಡದ ಬೆನ್ನೆಂದೇ ತಿಳಿದಿರಬೇಕು. ವೈಫೈ ತಗಡಿನ ಮೂಲಕ ದಾಟುವುದಿಲ್ಲ. ಅಷ್ಟು ದಪ್ಪದ ಮಣ್ಣಿನ ಗೋಡೆ ದಾಟಿ ಬರಬೇಕಾದರೆ ಅದಕ್ಕೂ ದಮ್ಮು ಹತ್ತಿರಬೇಕು.

"ಇದನ್ನ ಯಾರು ಬಡದಾರ?" ಎಂದು ಕಿರುಚಿದೆ.

ಹೆಂಡತಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. ಮುಖದಲ್ಲಿ ಒಂದಿಷ್ಟೂ ಗಾಬರಿಯಿಲ್ಲ. "ನಾನ ಬಡದೀನಿ. ಯಾಕ?"

"ಯಾಕ ಅಂತಿ? ನನ್ನ ಪಿಂಗ್ ಹಾಳಾಗಿ ಹೋತಲ್ಲ!"

"ನಿಮ್ಮ ಪಿಂಗ ಗಿಂಗ ನನಗ ಗೊತ್ತಿಲ್ರಿ. ನನ್ನ ಮರ್ಯಾದಿ ಹೋಗಾಕತ್ತಿತ್ತು. ಅದಕ್ಕ ಬಡದ್ನಿ."

ಸಂಗತಿ ಹೀಗೆ. ನಾವು ಮಾತು ಬಿಟ್ಟರೂ ಹಬ್ಬದ ಹೋಳಿಗೆ ಬಿಟ್ಟಿರಲಿಲ್ಲ. ಕೊಡುವವರು ಇನ್ನೊಬ್ಬರ ಕಟ್ಟೆಯ ಮೇಲೆ ತಾಟು ಇಟ್ಟು ಬರುವುದು, ತೆಗೆದುಕೊಳ್ಳುವವರು ಯಾರೂ ಇಲ್ಲದಾಗ ಎತ್ತಿಕೊಳ್ಳುವುದು. ಯುಗಾದಿಗೆ ವೈನಿ ಇಟ್ಟ ಹೋಳಿಗೆ ತಿಂದು ನನ್ನ ಹೆಂಡತಿ ನರಗುಂದದಲ್ಲಿರುವ ತನ್ನ ಅಕ್ಕನಿಗೆ ಫೋನಿನಲ್ಲಿ, "ನೆಗೆಣ್ಣಿ ಹೋಳಿಗಿ ಅಂದ್ರ ಕೇಳಬ್ಯಾಡ, ಕಡದ್ರ ಹಲ್ಲ ಕಿತ್ತ ಬರ್ತಾವ," ಎಂದು ನಕ್ಕಿದ್ದಾಳೆ. ಮಾತಾಡಿದ್ದು ಈ ಪಡಸಾಲೆಯಲ್ಲಿ, ಈ ಕ್ಯಾಲೆಂಡರಿನ ಕೆಳಗೆ. ಮರುದಿನ ನಳದ ಹತ್ತಿರ ವೈನಿ ತನ್ನ ಕೊಡಕ್ಕೆ ಹೇಳಿದಳಂತೆ, "ಹಲ್ಲ ಗಟ್ಟಿ ಇಲ್ಲದವ್ರು ಮಂದಿ ಹೋಳಿಗಿ ಯಾಕ ತಿನಬೇಕವಾ?" ಎಂದು. ಓಣಿಯ ಹೆಂಗಸರೆಲ್ಲ ನಕ್ಕರಂತೆ. ಅದೇ ದಿನ ನನ್ನ ಹೆಂಡತಿ ನಾನು ಅಂಗಡಿಯಲ್ಲಿದ್ದಾಗ ಮಾಡದ ಬಾಯಿ ಬಂದ್ ಮಾಡಿದ್ದಳು.

"ನಾಳೆ ಒಂದ ದಿನದ ಮಟ್ಟಿಗೆ ತಗೀತೀನಿ," ಎಂದೆ.

"ತಗೀರಿ. ನಾಳೆಯಿಂದ ನಾನು ಮಾಳಗಿ ಮ್ಯಾಲ ಹೋಗಿ ಮಾತಾಡ್ತೀನಿ, ಇಡೀ ಊರಿಗೇ ಕೇಳ್ಲಿ," ಎಂದು ಒಳಗೆ ಹೋದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಕಿತಾಪತಿ ಆ ಕಡೆಯದೇ ಎಂದು ಇಷ್ಟು ದಿನ ನಂಬಿಕೊಂಡಿದ್ದೆನಲ್ಲ, ಅದು ಸುಳ್ಳಾದದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಪಿಚ್ಚೆನಿಸಿತು.

ಐತವಾರ ಉಂಡಾದ ಮೇಲೆ ತಗಡು ಕಿತ್ತೆ. ಕ್ಯಾಲೆಂಡರನ್ನು ಮರಳಿ ಇಳಿಬಿಟ್ಟೆ. ಮಾಡದ ಕೆಳಗೆ ಚಾಪೆ ಹಾಸಿಕೊಂಡು ಕೂತು ಆಟ ತೆರೆದರೆ, ಆಹಾ, ಪಿಂಗ್ ಹಸಿರು! ತಗಡು ಹೋದದ್ದೇ ತಡ, ನೆಟ್ಟಿನ ಜೊತೆ ಆ ಕಡೆಯ ಸದ್ದೂ ಈ ಕಡೆ ಬಂತು. ಚಾಪೆ ಸರಿಸಿದ ಸಪ್ಪಳ, ಗ್ಲಾಸು ಇಟ್ಟ ಸಪ್ಪಳ. ಆಮೇಲೆ ಕೆಮ್ಮು. ಅಣ್ಣ ಗೋಡೆಯ ಆಚೆ ಮಗ್ಗುಲಲ್ಲೇ ಕೂತಿದ್ದ, ಇಂದೂ. ಇವತ್ತು ಇವನಿಗೆ ಒಂದು ಮಾತೂ ಸಿಗಬಾರದು ಎಂದು ನಿಶ್ಚಯಿಸಿದೆ.

ಪಂದ್ಯ ಶುರುವಾಯಿತು. ನನ್ನ ಕೈ ಹೇಳಿದ ಹಾಗೆ ಕೇಳುತ್ತಿತ್ತು. ಬಾಗಿಲಲ್ಲಿ ಅಂಟಿಕೊಳ್ಳಲಿಲ್ಲ, ಹೊಡೆದ ಗುಂಡು ಹೊಡೆದಲ್ಲೇ ಬಿತ್ತು. ರೋಣದವನು, "ಅಂಕಲ್, ಭಾಳ ಚಲೋ!" ಎಂದು ಎರಡು ಸಲ ಕೂಗಿದ. "ಮುಂದಿನ ಪಂದ್ಯಕ್ಕೂ ನೀವ ಇರಬೇಕ್ರಿ ಮತ್ತ," ಎಂದ. ಹಿಂದಿನ ವಾರ ನನ್ನನ್ನು ಕಳ್ಳ ಎಂದವನು ಇವನೇ. ಅಣ್ಣನ ಮಗಳು ನಕ್ಕಳು. ಆ ನಗೆ ಮೊಬೈಲಿನಲ್ಲೂ ಬಂತು, ಗೋಡೆಯಿಂದಲೂ ಬಂತು. ಎಷ್ಟು ದಿನವಾಗಿತ್ತು ಅವಳ ನಗೆಯನ್ನು ಹಾಗೆ ನೇರವಾಗಿ ಕೇಳಿ.

ಕೊನೆಗೆ ಎರಡೇ ತಂಡ ಉಳಿದವು. ನಾವು ಮತ್ತು ನರಗುಂದದವರು. ನಮ್ಮ ರೋಣದವನೂ ನರೇಗಲ್ಲಿನವನೂ ಸತ್ತಿದ್ದರು. ಅವರ ಕಡೆ ಇಬ್ಬರು, ನಮ್ಮ ಕಡೆ ನಾವಿಬ್ಬರು. ಅವಳು ಗುಡ್ಡದ ಮೇಲೆ, ನಾನು ಕೆಳಗೆ ಒಂದು ಬಂಡೆಯ ಮರೆಯಲ್ಲಿ. ಮುಂದಿನ ಗಿಡದ ಹಿಂದೆ ಒಬ್ಬನಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು. ಉಸಿರು ಬಿಗಿಹಿಡಿದು ಅದರ ಮೇಲೇ ಗುರಿ ಇಟ್ಟುಕೊಂಡು ಕೂತಿದ್ದೆ.

"ಲೇ ತಮ್ಮಾ, ಹಿಂದ! ನಿನ್ನ ಹಿಂದ ಬಂದಾನ ನೋಡಲೇ!"

ಆ ಮಾತು ಮೊದಲು ಗೋಡೆಯಿಂದ ಬಂತು. ಅರೆಗಳಿಗೆ ಬಿಟ್ಟು ಅದೇ ಮಾತು ಮೊಬೈಲಿನಿಂದ ಬಂತು. ಅಷ್ಟರೊಳಗೆ ನಾನು ಹೊರಳಿಬಿಟ್ಟಿದ್ದೆ. ಆಟದಲ್ಲಿ ಅಲ್ಲ. ಕೂತಲ್ಲೇ ಮೈ ತಿರುಗಿಸಿ, ಮೊಬೈಲನ್ನು ಮಡಿಲಲ್ಲಿ ಇಳಿಸಿ, ಗೋಡೆಯ ಕಡೆ ಮುಖ ಮಾಡಿದ್ದೆ. ಎಷ್ಟು ವರ್ಷಗಳ ಮೇಲೆ ಕಿವಿಗೆ ಬಿದ್ದ ಕರೆ ಅದು! ಆಟದಲ್ಲಿ ನರಗುಂದದವನು ಆರಾಮಾಗಿ ನನ್ನ ಬೆನ್ನಿಗೆ ಗುಂಡು ಹೊಡೆದ. ಆಮೇಲೆ ಇಬ್ಬರೂ ಸೇರಿ ಅವಳನ್ನೂ ಮುಗಿಸಿದರು.

ಮೊಬೈಲಿನಲ್ಲಿ ಹುಡುಗರು ಏನೇನೋ ಕೂಗುತ್ತಿದ್ದರು. ನನ್ನ ಲಕ್ಷ್ಯ ಅಲ್ಲಿರಲಿಲ್ಲ. ಇವನು ಮಗಳ ಮೊಬೈಲಿನಲ್ಲಿದ್ದ ಗೊಂಬೆಗೆ ಹೇಳಿದನೋ, ನನಗೇ ಹೇಳಿದನೋ? ಕೇಳಿದರೆ ನಾನು ಯಾರಿಗೂ ಹೇಳಿಲ್ಲ ಎಂದುಬಿಟ್ಟರೆ? ಎದ್ದು ನಿಂತು ಕ್ಯಾಲೆಂಡರನ್ನು ಸರಿಸಿದೆ. ಮಾಡದ ಆಚೆ ಬಾಯಲ್ಲಿ, ಡಬ್ಬಿಯ ಸಣ್ಣ ದೀಪಗಳ ಹಿಂದೆ, ಅಣ್ಣನ ಅರ್ಧ ಮುಖ ಕಾಣಿಸಿತು. ಅವನೂ ಎದ್ದು ನಿಂತಿದ್ದ. ಗಡ್ಡ ಪೂರಾ ಬೆಳ್ಳಗಾಗಿತ್ತು. ದಿನಾ ಓಣಿಯಲ್ಲಿ ನೋಡುತ್ತಿದ್ದರೂ ನಾನು ಅದನ್ನು ನೋಡಿರಲಿಲ್ಲ.

"ಹಿಂದ ಅದಾನ ಅಂದ್ನೆಲ್ಲೋ," ಎಂದ.

"ಕೇಳ್ತಣ್ಣಾ," ಎಂದೆ.

ಅವನು ಮಾಡದೊಳಗೆ ಕಣ್ಣಾಡಿಸಿದ. "ತಗಡ ತಗದ್ಯಾ?"

"ನಿನಗ ಗೊತ್ತಿತ್ತಾ?"

"ಈ ಕಡಿಂದ ಪೂರಾ ಕಾಣಸ್ತಿತ್ತಲ್ಲ. ಯುಗಾದಿ ಆದಾಗಿಂದ ನೋಡಾಕತ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ನಾನು ಮೊಬೈಲು ಬಿಚ್ಚಿ ಕಟ್ಟಿ, ಕೇಬಲ್‌ನವನ ಜೊತೆ ಜಗಳಾಡಿ, ಆ ಪೋರನ ಕೈಲಿ ಕಳ್ಳ ಅನ್ನಿಸಿಕೊಂಡು ಸಾಯುತ್ತಿದ್ದರೆ, ಇವನಿಗೆ ಮೊದಲ ದಿನದಿಂದ ಗೊತ್ತು! "ಗೊತ್ತಿದ್ದೂ ಹೇಳಲಿಲ್ಲಲ್ಲೋ ಅಣ್ಣಾ? ಅಷ್ಟ ಬ್ಯಾಡಾದ್ನೇನು ನಾ?"

ಅಣ್ಣ ಕೆಮ್ಮಿದ.

"ಏನಂತ ಹೇಳ್ಲಿ?" ಎಂದ ಆಮೇಲೆ. ದನಿ ಸಣ್ಣದಾಗಿತ್ತು. "ನಮ್ಮ ದನಿನೂ ಕಿವಿಗೆ ಬೀಳಬಾರ್ದಂತ ನೀನ ಬಡಸಿರಬೇಕು ಅಂತ ತಿಳಕೊಂಡಿದ್ನಿ."

"ನಾ ಅಲ್ಲಣ್ಣಾ," ಎಂದೆ. "ಖರೇ ಹೇಳ್ತೀನಿ, ನಾ ಅಲ್ಲ."

ಅವನು ಹೂಂ ಎಂದ. ನಂಬಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.